ಮಂಚನಬೆಲೆ ದಾರಿಯ ಆ ಜಗಲಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮಾತು ಬದಲಾಯಿಸುತ್ತಿದ್ದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಮೈಮೇಲೆ ಬರುವುದು, ಹಿಂದಿನ ಜನ್ಮ ಅಂತ ಶುರುವಾದರೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂರುತ್ತಿದ್ದೆ. ಈಗ ನಂಬುತ್ತೇನೆ ಎಂದು ನೀವು ತಿಳಿಯಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಿವೃತ್ತರಾದ ಮೇಲೆ ಅಪ್ಪ ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪವಾಗಿತ್ತು. ಅದಕ್ಕೇ ಭಾನುವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಸವೇಶ್ವರನಗರದಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ಸಾಗುವಂಥ ಜಾಗಗಳಿಗೆ ಹೋಗುತ್ತಿದ್ದೆ. ಶಿವಗಂಗೆ, ಸಾವನದುರ್ಗ, ದೊಡ್ಡ ಆಲದ ಮರ, ಎಲ್ಲ ಮುಗಿದಿದ್ದವು. ಆ ಸಲ ಮಂಚನಬೆಲೆ. ಅವರೆಕಾಯಿಯ ಕಾಲ, ಬಿಸಿಲೂ ಹಿತವಾಗಿತ್ತು. ಬ್ಯಾಡರಹಳ್ಳಿ, ತಾವರೆಕೆರೆ ದಾಟಿ ಹೋಗಿ, ಜಲಾಶಯ ನೋಡಿಕೊಂಡು ಹನ್ನೊಂದೂವರೆಗೆಲ್ಲ ಹಿಂತಿರುಗುತ್ತಿದ್ದೆವು. ಒಂದು ಸಣ್ಣ ಊರಿನ ಹತ್ತಿರ ಅಪ್ಪ, “ಇಲ್ಲೇ ನಿಲ್ಸಮ್ಮ” ಅಂದರು.

ಮೂತ್ರಕ್ಕಿರಬೇಕು ಎಂದುಕೊಂಡು ನಿಲ್ಲಿಸಿದೆ. ಅವರು ಹಿಂತಿರುಗಿ ನೋಡದೆ ಒಂದು ಓಣಿಯೊಳಕ್ಕೆ ನಡೆದರು. ಹತ್ತು ನಿಮಿಷವಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಒಂದು ಹಂಚಿನ ಮನೆಯ ಜಗಲಿಯ ಮೇಲೆ ಕೂತಿದ್ದರು. ಎದುರಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಇಬ್ಬರ ನಡುವೆ ನೆನೆಸಿದ ಅವರೆಕಾಳಿನ ಪಾತ್ರೆ. ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದ ನಮ್ಮಪ್ಪ ಬೆರಳ ತುದಿಯಲ್ಲಿ ಸರಸರನೆ ಕಾಳು ಹಿತುಕುತ್ತಿದ್ದರು.

“ಅಪ್ಪಾ, ಹೊರಡೋಣ್ವಾ?” ಅಂದೆ.

ಅವರು ತಲೆಯೆತ್ತಿ ನೋಡಿದರು. “ಯಾರವ್ವ ನೀವು? ಬಿಸ್ಲಲ್ಲಿ ಬಂದಿದೀರಿ, ಕೂತ್ಕಳಿ. ನೀರು ತತ್ತೀನಿ.”

ಅಪ್ಪ ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದೇ ಇಲ್ಲ. ತಮಾಷೆಯೇನೋ ಎಂದು ಕೈ ಹಿಡಿದುಕೊಂಡೆ. ಪರಸ್ತ್ರೀಯ ಕೈಯಿಂದ ಬಿಡಿಸಿಕೊಳ್ಳುವ ಹಾಗೆ ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದರು. ಹಿತ್ತಲ ಬಾಗಿಲಿಗೆ ಚಿಲಕ ಕೆಳಗಡೆ, ಹೊಸ್ತಿಲ ಹತ್ತಿರ ಇತ್ತು. ಬಗ್ಗಿ ನೋಡದೆ ಕಾಲಿನಿಂದಲೇ ಅದನ್ನು ಸರಿಸಿ ಹಿತ್ತಲಿಗೆ ಹೋದರು.

“ನಿಮ್ಮಪ್ಪಾರಾ?” ಅಜ್ಜಿ ಕೇಳಿದಳು. “ಬಂದೋರೆ, ‘ಕೆಂಪಿ, ಕಾಲು ವಾಸಿ ಆಯ್ತಾ’ ಅಂದ್ರು. ನಂಗೆ ಹತ್ತು ವರ್ಷ ಇದ್ದಾಗ ಹುಣಸೆ ಮರದಿಂದ ಬಿದ್ದು ಕಾಲು ಮುರ್ಕೊಂಡಿದ್ದೆ. ಆ ವಾರ್ವೇ ನಮ್ಮಣ್ಣ ಎತ್ತು ಹುಡುಕ್ಕೊಂಡು ಹೋದೋನು, ವಾಪಸ್ ಬರ್ನೇ ಇಲ್ಲ. ಕೆಂಪಿ ಅಂತ ಕರೀತಿದ್ದೋನು ಅವ್ನೊಬ್ನೇ.”

ಲೆಕ್ಕ ಹಾಕಿದೆ. ಅವಳ ಅಣ್ಣ ಕಾಣೆಯಾದಾಗ ನಮ್ಮಪ್ಪನಿಗೆ ಏಳೋ ಎಂಟೋ ವರ್ಷ. ಶಾಲೆಗೆ ಹೋಗುತ್ತಿದ್ದ ಹುಡುಗ.

ತಮ್ಮನಿಗೆ ಫೋನ್ ಮಾಡಿದೆ. “ಶುಗರ್ ಇಳಿದಿರುತ್ತೆ ಕಣೇ, ಏನಾದ್ರೂ ಸಿಹಿ ಕೊಟ್ಟು ಕರ್ಕೊಂಡ್ ಬಂದ್ಬಿಡು” ಅಂದ. ಅಜ್ಜಿಯನ್ನು ಕೇಳಿ ಬೆಲ್ಲ ಇಸಿದುಕೊಂಡು ಕೊಟ್ಟೆ. ಅಪ್ಪ ಅದನ್ನು ಮುರಿದು ಅರ್ಧ ಅಜ್ಜಿಗೆ ಕೊಟ್ಟರು. ಬನ್ನಿ ಎಂದು ಬೇಡಿಕೊಂಡೆ. “ಇವ್ರ್ಯಾಕೆ ಅಳ್ತಾವ್ರೆ?” ಎಂದು ಅಜ್ಜಿಯನ್ನು ಕೇಳಿದರು. ಮತ್ತೇನು ಮಾಡಬೇಕಿತ್ತು ನಾನು? ಜಗಲಿಯ ಅಂಚಿನಲ್ಲಿ ಕೂತೆ. ಅವರು ಮುದ್ದೆ, ಹಿತಕಬೇಳೆ ಸಾರು ಉಂಡರು. ಅಜ್ಜಿ ಎದುರು ಕೂತು ಬಡಿಸಿದಳು. ನನಗೂ ತಟ್ಟೆ ಇಟ್ಟಿದ್ದಳು. ಅದನ್ನು ಪಕ್ಕಕ್ಕೆ ಸರಿಸಿಟ್ಟೆ.

ಕೈ ತೊಳೆದುಕೊಂಡು ಬಂದ ಅಪ್ಪ ನನ್ನನ್ನು ನೋಡಿ ನಿಂತರು. “ಇದ್ಯಾರ ಮನೆ? ಇಲ್ಯಾಕೆ ಬಂದ್ವಿ ನಾವು? ಯಾಕಮ್ಮ, ಹುಷಾರಿಲ್ವಾ ನಿಂಗೆ?”

ನನ್ನ ಅಪ್ಪ. ನಾನು ಅವರ ತೋಳು ಹಿಡಿದುಕೊಂಡೆ. ಆಗ ಅಜ್ಜಿಯ ಮುಖ ನೋಡಬಾರದಿತ್ತು, ನೋಡಿಬಿಟ್ಟೆ. ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತು, “ಹೋಗ್ಬುಟ್ಟು ಬನ್ನಿ ಸಾರ್” ಅಂದಳು.

ಡಾಕ್ಟರು ತಲೆಯ ಸ್ಕ್ಯಾನ್, ರಕ್ತ ಎಲ್ಲ ನೋಡಿದರು. ವಯಸ್ಸಿಗೆ ತಕ್ಕಂತೆ ಚೆನ್ನಾಗಿದ್ದಾರೆ ಎಂದರು. ನೆನಪು ಪರೀಕ್ಷೆಯಲ್ಲಿ ಅಪ್ಪ ನನಗಿಂತ ಬೇಗ ಉತ್ತರ ಕೊಟ್ಟರು. ಮರೆವಿನ ಕಾಯಿಲೆ ಎಂದೇ ಇಟ್ಟುಕೊಳ್ಳೋಣ. ಮರೆತವರಿಗೆ ಇನ್ನೊಬ್ಬರ ಮನೆಯ ಚಿಲಕ ನೆನಪಿರುತ್ತದೆಯೇ? ಅವರಿಗೆ ನಾನು ಏನನ್ನೂ ಹೇಳಿಲ್ಲ. ಬಿಸಿಲಿಗೆ ನಿಮಗೆ ತಲೆಸುತ್ತು ಬಂದಿತ್ತು ಎಂದಷ್ಟೇ ಹೇಳಿದ್ದೇನೆ.

ನಾಲ್ಕು ತಿಂಗಳ ನಂತರ ಒಬ್ಬಳೇ ಆ ಊರಿಗೆ ಹೋದೆ. ಅಜ್ಜಿ ನನ್ನ ಹಿಂದೆ ಓಣಿಯ ಕಡೆ ನೋಡಿದಳು. ಯಾರೂ ಇರಲಿಲ್ಲ.

“ಇನ್ನೊಂದ್ ಸಲ ಕರ್ಕೊಂಡ್ ಬಾರವ್ವ” ಅಂದಳು. “ಒಂದ್ ಗಳಿಗೆ ಸಾಕು. ಅವತ್ತು ಊಟಕ್ಕಿಕ್ಕೋ ಸಡಗರದಲ್ಲಿ, ಎಲ್ಲೋಗಿದ್ದೆ ಅಣ್ಣ ಅಂತ ಕೇಳೋದೇ ಮರ್ತೋದೆ.”

ಆಗಲಿ ಅಂದೆ. ಎರಡು ವರ್ಷವಾಯಿತು, ಕರೆದುಕೊಂಡು ಹೋಗಿಲ್ಲ. ಆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆದು ಬಂದಾಗ, ಅಪ್ಪ ಮತ್ತೆ ನನ್ನ ಗುರುತು ಹಿಡಿಯುತ್ತಾರೆಂದು ನನಗೆ ಯಾರು ಹೇಳುತ್ತಾರೆ?