ಎಲ್ಲ ಕೋಣೆಗೂ ಊಟದ ಕರೆ

ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೊದಲು ಉಪ್ಪಿನಕಾಯಿ ಭರಣಿಗಳು ಇರುತ್ತಿದ್ದವು. ಈಗ ಅಲ್ಲೊಂದು ಕಂಪ್ಯೂಟರ್ ಕೂತಿದೆ, ಭರಣಿಗಳು ಅಟ್ಟ ಏರಿವೆ. ಇದು ನಮ್ಮ ಮನೆಯವರ ಕೆಲಸ. ಇವರು ಹಗಲೆಲ್ಲ ಕಚೇರಿಯಲ್ಲಿ ಫೈಲು ನೋಡುತ್ತಾರೆ, ಮನೆಗೆ ಬಂದರೆ ವೈರು ನೋಡುತ್ತಾರೆ. ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದು, ಮನೆಯಲ್ಲಿದ್ದ ಹಾಡು, ಸಿನಿಮಾ, ನಮ್ಮ ಮದುವೆಯ ವಿಡಿಯೊ ಎಲ್ಲ ಅದರಲ್ಲಿ ತುಂಬಿದರು. ಆಮೇಲೆ ಕೋಣೆಗೊಂದು ಸ್ಪೀಕರ್ ಡಬ್ಬಿ ಇಟ್ಟರು. ಮೊಬೈಲಿನಲ್ಲಿ ಕೋಣೆಗಳ ಹೆಸರು ಸಾಲಾಗಿ ಬರುತ್ತವೆ. ಯಾವ ಕೋಣೆಗೆ ಏನು ಬೇಕೋ ಒತ್ತಿದರಾಯಿತು. ಅಡಿಗೆಮನೆಯಲ್ಲಿ ನನ್ನ ಹಳೆಯ ಹಾಡು, ಪಡಸಾಲೆಯ ಟಿವಿಯಲ್ಲಿ ಮಗಳ ಸಿನಿಮಾ, ದೇವರಮನೆಯಲ್ಲಿ ನಮ್ಮ ಮಾವನವರ ದನಿ.

ಮಾವನವರು ತೀರಿಕೊಂಡು ವರ್ಷಗಳಾದವು. ಬೆಳಿಗ್ಗೆ ಹೂ ಬಿಡಿಸುತ್ತ ಅವರು ಒಂದು ಕನ್ನಡದ ಪದ ಹಾಡಿದರೆ ಮುಂದಿನದು ಮರಾಠಿ ಅಭಂಗ. ನಡುವೆ ಕೆಮ್ಮು ಬಂದರೆ ಕೆಮ್ಮಿ, ಬಿಟ್ಟ ಸಾಲಿನಿಂದಲೇ ಹಿಡಿಯುತ್ತಿದ್ದರು. ಅದೆಲ್ಲ ಒಂದು ಕ್ಯಾಸೆಟ್ಟಿನಲ್ಲಿತ್ತು. ನಿಜ ಹೇಳಬೇಕೆಂದರೆ ಈ ಇಡೀ ಉಸಾಬರಿ ಹುಟ್ಟಿದ್ದು ಆ ಕ್ಯಾಸೆಟ್ಟು ಹಾಳಾಗಬಾರದು ಅಂತ. ಅದನ್ನು ಕಂಪ್ಯೂಟರಿಗೆ ಇಳಿಸಿದ ವಾರವೇ ಇವರು ಇನ್ನೊಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದರು. ಅಲ್ಲಿ ಇವರ ಅಕ್ಕನ ಮನೆ. ಅಕ್ಕನ ಅಡಿಗೆಮನೆಯ ಕಿಟಕಿಯಲ್ಲಿ ಡಬ್ಬಿ ಇಟ್ಟು, ಇಂಟರ್ನೆಟ್ಟಿನ ಮೂಲಕ ನಮ್ಮ ಗೂಡಿನ ಕಂಪ್ಯೂಟರಿಗೆ ಜೋಡಿಸಿ ಬಂದರು. ಅಂದಿನಿಂದ ಮೊಬೈಲಿನ ಸಾಲಿನಲ್ಲಿ ಪಡಸಾಲೆ, ಅಡಿಗೆಮನೆ, ದೇವರಮನೆಯ ಕೆಳಗೆ ಕಮಲಾಪುರ ಅನ್ನುವ ಕೋಣೆಯೂ ಸೇರಿತು. ಬೆಳಿಗ್ಗೆ ಎರಡೂ ಮನೆಯಲ್ಲಿ ಮಾವನವರು ಒಟ್ಟಿಗೇ ಕೆಮ್ಮುತ್ತಿದ್ದರು.

ಜಗಳ ಆದದ್ದು ಮೇಲಂತಸ್ತು ಕಟ್ಟಿಸಿದಾಗ. ವಾಸ್ತುಶಾಂತಿಗೆ ಇವರು ಅದೇ ಕಂಪ್ಯೂಟರಿನಲ್ಲಿ ಚೆಂದದ ಕಾರ್ಡು ಮಾಡಿ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ನಮ್ಮಲ್ಲಿ ಮನೆಯ ಹೆಣ್ಣುಮಗಳನ್ನು ಹಾಗೆ ಕರೆಯುವುದಿಲ್ಲ. ಅವಳ ಮನೆಗೆ ಹೋಗಿ, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ಹೋಗಬೇಕು ಅಂತಲೇ ಇದ್ದರು ಪಾಪ. ಹೊರಟ ದಿನ ಗೋಡೆ ಕಟ್ಟುವ ಗೌಂಡಿ ಕೈಕೊಟ್ಟ, ಮರುದಿನ ಬಣ್ಣದವರು ಬಂದರು, ಹಾಗೇ ಉಳಿಯಿತು. ಅಕ್ಕ ಬರಲಿಲ್ಲ. ಇವರು ಫೋನು ಮಾಡಿದರೆ ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು.

“ಆ ಗುಂಪಿನ್ಯಾಗ ನಾನೂ ಒಬ್ಬಾಕಿ ಏನು? ಕುಂಕುಮ ಹಚ್ಚಿ ಕರಿಯೋತನಕ ನಾ ಆ ಹೊಸ್ತಿಲಾ ದಾಟಂಗಿಲ್ಲ.”

ಕರೆಯುವುದು ಕರೆದಿದ್ದೇನೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು ಅಂತ ಇವರೂ ಹೇಳಿ ಫೋನು ಇಟ್ಟರು. ಒಂದೇ ತಂದೆಯ ಮಕ್ಕಳು, ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲಿ. ಅಂದು ಸಂಜೆಯೇ ಇವರು ನಮ್ಮೆಲ್ಲರ ಮೊಬೈಲಿನಿಂದ ಕಮಲಾಪುರದ ಹೆಸರು ತೆಗೆದರು. ಕೋಣೆ ಇಲ್ಲವಾಯಿತು ಅಂದುಕೊಂಡೆವು.

ನನಗೆ ಬಹಳ ಕೆಟ್ಟದೆನಿಸಿತು. ನಾನು ಈ ಮನೆಗೆ ಬಂದಾಗ ಮರಾಠಿಯ ಗಂಧ ಇರಲಿಲ್ಲ. ಅತ್ತೆ ಮರಾಠಿಯಲ್ಲಿ ಬೈದದ್ದನ್ನು ಅಕ್ಕ ಕನ್ನಡಕ್ಕೆ ತಿರುಗಿಸಿ, ಅರ್ಧ ಖಾರ ಇಳಿಸಿ ನನಗೆ ಹೇಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅಕ್ಕನೇ ಬಾಯಿಬಿಟ್ಟಾಗ ಗೊತ್ತಾಯಿತು ಎಷ್ಟು ಇಳಿಸುತ್ತಿದ್ದರು ಅಂತ. ಅಂಥವರು ತವರಿಗೆ ಬರುವುದೇ ನಿಂತರೆ ನಮ್ಮ ಹಬ್ಬಕ್ಕೆ ಏನು ಕಳೆ? ಆದರೆ ಇವರ ಮುಂದೆ ಆ ಮಾತು ಎತ್ತಿದರೆ ಸ್ಕ್ರೂಡ್ರೈವರ್ ಹಿಡಿದು ಗೂಡಿನೊಳಗೆ ತಲೆ ಹಾಕಿಬಿಡುತ್ತಿದ್ದರು.

ಮೇಲಂತಸ್ತು ಆದಮೇಲೆ ನನಗೊಂದು ಹೊಸ ಪೀಡೆ ಶುರುವಾಯಿತು. ಅಪ್ಪ ಮಗಳು ಇಬ್ಬರೂ ಮೇಲೆ ಸೇರಿದರು. ಊಟಕ್ಕೆ ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಅದಕ್ಕೆ ಇವರು ನನ್ನ ಮೊಬೈಲಿನಲ್ಲಿ ‘ಎಲ್ಲ ಕೋಣೆ’ ಅಂತ ಒಂದು ಗುಂಡಿ ಮಾಡಿಕೊಟ್ಟರು. ಅದನ್ನು ಒತ್ತಿ ಮಾತಾಡಿದರೆ ಹಾಡು, ಸಿನಿಮಾ ಎಲ್ಲ ತೆಪ್ಪಗಾಗಿ, ಇದ್ದಬಿದ್ದ ಡಬ್ಬಿಗಳಲ್ಲೆಲ್ಲ ನನ್ನ ದನಿ. ನಾಲ್ಕು ಮೆಟ್ಟಿಲು ಹತ್ತಿ ಕರೆಯುವುದಕ್ಕೆ ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ದಾರಿ ಅಂತ ನಕ್ಕೆ. ಆಮೇಲೆ ನನಗೇ ಅದರ ರುಚಿ ಹತ್ತಿತು.

ಬರೀ ರೊಟ್ಟಿ ಆರುತ್ತವೆ, ಎಲ್ಲರೂ ಬರ್ರಿ ಅಂತ ಹೇಳಿ ಬಿಡುವ ಜಾಯಮಾನ ನನ್ನದಲ್ಲ. ಹಸಿ ಟವೆಲ್ಲು ಹಾಸಿಗೆಯ ಮೇಲೆ ಹಾಕಿದ್ದು, ಪಲ್ಯ ತಳ ಹಿಡಿದದ್ದು, ನಲ್ಲಿ ನೀರು ಬಾರದ್ದು, ಎಲ್ಲ ಆ ಕರೆಯ ಜೊತೆಗೇ ಹೋಗುತ್ತಿತ್ತು. ಯುಗಾದಿಯ ದಿನ ನನಗೆ ತಡೆಯಲಾಗಲಿಲ್ಲ. ಗುಂಡಿ ಒತ್ತಿ ಹೇಳಿಯೇಬಿಟ್ಟೆ.

“ಹೋಳಿಗಿ ಆಗ್ಯಾವ, ಬರ್ರಿ. ಅಕ್ಕಾ ಇಲ್ಲದ ಹೋಳಿಗಿ ನನಗಂತೂ ಇಳಿಯಂಗಿಲ್ಲ. ನಿಮ್ಮ ಸಿಟ್ಟು ನೀವ ಉಣ್ಣರಿ.”

ಇವರು ತಡವಾಗಿ ಕೆಳಗಿಳಿದರು. ತುಪ್ಪ ಬಡಿಸುವ ಮೊದಲೇ ಅರ್ಧ ಹೋಳಿಗೆ ತಿಂದು ಎದ್ದರು.

ಅದೇ ಬೇಸಿಗೆಯಲ್ಲಿ ಕಂಪ್ಯೂಟರ್ ಆರಿಹೋಯಿತು. ಕಲಬುರಗಿಯ ಬಿಸಿಲಿಗೆ ಮನುಷ್ಯರೇ ಬಾಡುತ್ತಾರೆ, ಗೂಡಿನಲ್ಲಿ ಕೂತದ್ದು ಎಷ್ಟು ತಾಳೀತು? ಇವರು ಅದನ್ನು ಎತ್ತಿಕೊಂಡು ಹೋಗಿ ರಿಪೇರಿ ಅಂಗಡಿಯಲ್ಲಿ ಇಟ್ಟು ಬಂದರು. ಮನೆ ಮೂಕಾಯಿತು, ನಾನು ಮೊದಲಿನ ಹಾಗೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗತೊಡಗಿದೆ.

ಮೂರನೆಯ ದಿನ ರೊಟ್ಟಿ ಬಡಿಯುವ ಹೊತ್ತಿಗೆ ಗೇಟಿನ ಮುಂದೆ ಆಟೊ ನಿಂತಿತು. ಇಳಿದವರು ಅಕ್ಕ ಮತ್ತು ಅವರ ಯಜಮಾನರು. ಯಜಮಾನರ ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ. ಅಕ್ಕ ಹೊಸ್ತಿಲ ಆಚೆಗೇ ನಿಂತು ಮೊದಲು ನನ್ನನ್ನು, ಆಮೇಲೆ ತಮ್ಮನನ್ನು, ಮೇಲಿನಿಂದ ಕೆಳಗೆ ನೋಡಿದರು.

“ಎಲ್ಲಾರೂ ಆರಾಮ ಅದೀರಿಲ್ಲೊ? ಮೊನ್ನಿ ಊಟಕ್ಕ ಕರೀಲಿಲ್ಲ, ನಿನ್ನೀನೂ ಕರೀಲಿಲ್ಲ. ನನ್ನ ಜೀವಾ ನಿಲ್ಲಲಿಲ್ಲ ನೋಡು.”

ನಮಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಇವರೇ ಮೊದಲು ತಲೆ ಕೆರೆದುಕೊಂಡರು. ಸಿಟ್ಟಿನಲ್ಲಿ ಮೊಬೈಲಿನಿಂದ ತೆಗೆದದ್ದು ಹೆಸರನ್ನು ಮಾತ್ರ. ಕಂಪ್ಯೂಟರಿನೊಳಗೆ ಕಮಲಾಪುರದ ಡಬ್ಬಿ ಹಾಗೇ ಉಳಿದಿತ್ತು. ‘ಎಲ್ಲ ಕೋಣೆ’ ಗುಂಡಿ ಒತ್ತಿದಾಗಲೆಲ್ಲ ನನ್ನ ದನಿ ಮಗಳ ಕೋಣೆಗೆ ಹೋದಂತೆ ಅಕ್ಕನ ಅಡಿಗೆಮನೆಗೂ ಹೋಗಿತ್ತು. ಬೇಡವಾಗಿದ್ದರೆ ಅವರು ವೈರು ಕಿತ್ತಿಡಬಹುದಿತ್ತು. ಕಿತ್ತಿರಲಿಲ್ಲ.

ಟವೆಲ್ಲು, ತಳ ಹಿಡಿದ ಪಲ್ಯ, ಗಂಡನ ಗೊರಕೆ, ಏನೇನು ಹೇಳಿದ್ದೆನೋ ಎಲ್ಲ ನೆನಪಾಗಿ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅಕ್ಕನ ಯಜಮಾನರು ನಗುತ್ತಿದ್ದರು. ದಿನಾ ನಾನು ಕರೆದ ಮೇಲೆಯೇ ಅವರೂ ಕೈ ತೊಳೆದುಕೊಂಡು ಕೂಡುವುದಂತೆ. ಅದಕ್ಕಿಂತ ಮೊದಲು ಹಸಿವು ಅಂದರೆ, ಕಲಬುರಗಿಯವರ ರೊಟ್ಟಿ ಇನ್ನೂ ಆಗಿಲ್ಲ ಅಂತ ಅಕ್ಕ ಬಡಿಸುತ್ತಿರಲಿಲ್ಲವಂತೆ. ಎರಡು ದಿನ ಕರೆ ಬಾರದೆ ಅವರಿಗೂ ಊಟ ತಡವಾಗಿತ್ತು.

ಇವರು ಒಳಗೆ ಹೋದರು. ದೇವರಮನೆಯಿಂದ ಕುಂಕುಮ ಅಕ್ಷತೆಯ ತಟ್ಟೆ ತಂದು ನನ್ನ ಕೈಗೆ ಕೊಟ್ಟರು. ನಾನು ಹೊಸ್ತಿಲ ಆಚೆ ಹೋಗಿ ಅಕ್ಕನಿಗೆ ಕುಂಕುಮ ಹಚ್ಚಿದೆ. ಇವರು ಅಕ್ಷತೆ ಕೊಡುವಾಗ ಅರ್ಧ ನೆಲಕ್ಕೆ ಚೆಲ್ಲಿದರು. ಕರೆಯಲಿಕ್ಕೆ ನಾನೇ ಬರಬೇಕಾಗಿತ್ತು ಅಕ್ಕಾ ಅಂದರು. ಅಕ್ಕ ಚೆಲ್ಲಿದ ಕಾಳುಗಳನ್ನು ಬಗ್ಗಿ ಆರಿಸಿಕೊಂಡು ಸೆರಗಿಗೆ ಹಾಕಿಕೊಂಡರು.

“ಕರಿಯೂದು ಯಾವಾಗೋ ಆಗ್ಯದ. ನಿನ್ನ ಹೆಂಡತಿ ದಿನಾ ಕರದಾಳ. ನಾನ ಬರೂದು ತಡಾ ಮಾಡಿದೆ.”

ಹೊಸ್ತಿಲು ದಾಟಿ, ಕಾಲು ತೊಳೆದುಕೊಂಡು, ನೆಟ್ಟಗೆ ಅಡಿಗೆಮನೆಗೆ ಬಂದು ತಾಟು ಹಾಕತೊಡಗಿದರು. ನಾನು ಉಳಿದ ರೊಟ್ಟಿ ಬಡಿಯುತ್ತಿದ್ದೆ, ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಹಿಟ್ಟು. ಮಗಳು ಇನ್ನೂ ಮೇಲೇ ಇದ್ದಳು. ಅಂದು ಮೆಟ್ಟಿಲ ಬುಡದಲ್ಲಿ ನಿಂತು ಅವಳನ್ನು ಊಟಕ್ಕೆ ಕೂಗಿದವರು ಅಕ್ಕ.