ಹಾಲಿನ ಕ್ಯಾನೂ ಮಾವನ ಪೈಪೂ

ಕಳೆದ ವಾರ ಹಸುವಿಗೆ ಬೂಸ ತರಲೆಂದು ಬಂಗಾರಪೇಟೆಗೆ ಹೋದವನು ಬೂಸ ಮರೆತು ಹೊಗೆಸೊಪ್ಪು ತಂದೆ. ನಗಬೇಡಿ. ರೈಲ್ವೆ ಸ್ಟೇಷನ್ ಹತ್ತಿರದ ಹಳೇ ಅಂಗಡಿಯವನು ಯಾರಿಗೋ ಒಂದು ಡಬ್ಬಿ ತೆರೆದು ತೋರಿಸುತ್ತಿದ್ದ. ಒಣಹುಲ್ಲಿನ ಮೆದೆ ಬಿಸಿಲಿಗೆ ಕಾದಾಗ ಬರುತ್ತದಲ್ಲ, ಅಂಥ ವಾಸನೆ. ನನ್ನ ಕಾಲುಗಳು ತಾವಾಗಿಯೇ ನಿಂತವು.

ಅದು ನನ್ನ ಮಾವನವರ ವಾಸನೆ. ಅವರು ಕೋರಮಂಡಲ್ ಚಿನ್ನದ ಗಣಿಯಲ್ಲಿ ಮೇಸ್ತ್ರಿಯಾಗಿದ್ದರು. ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬ ಕೈಗಿತ್ತು ಹೋದ ಪೈಪನ್ನು ಕೊನೆಯವರೆಗೂ ಸೇದಿದರು. ಅದಕ್ಕೆ ಹಾಕುತ್ತಿದ್ದದ್ದು ಮಾತ್ರ ಇದೊಂದೇ ಸಾದಾ ಸೊಪ್ಪು, ಸೆಂಟಿಲ್ಲ, ಘಾಟಿಲ್ಲ. ಕೆಳಗೆ ಸಿಡಿಮದ್ದಿನ ಹೊಗೆ ಕುಡಿದು ಬಂದವನಿಗೆ ಮೇಲೆ ಬೇರೆ ಘಾಟು ಯಾಕೆ ಎನ್ನುತ್ತಿದ್ದರು.

ನಾನು ಹೆಣ್ಣು ನೋಡಲು ಹೋದಾಗ ಕಾಫಿಯ ಜೊತೆಗೆ ಆ ಪೈಪನ್ನೂ ಮುಂದೆ ಹಿಡಿದರು. ಬೀಡಿ ಎಳೆದ ಹಾಗೆ ಜಗ್ಗಿದೆ. ಕೆಮ್ಮಿದ ರಭಸಕ್ಕೆ ಕಾಫಿಯೆಲ್ಲ ಅಂಗಿಯ ಪಾಲಾಯಿತು. ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಆಕೆಯನ್ನೇ ಮದುವೆಯಾದೆ. ಅವತ್ತು ಕೆಮ್ಮುತ್ತಿದ್ದವನ ಬೆನ್ನನ್ನು ಮಾವ ತಟ್ಟಿದರು.

"ಎಮ್ಮೆ ಮೆಲುಕಾಕೋದು ನೋಡಿಲ್ವೇನಪ್ಪಾ? ಅಂಗೆ ಸೇದ್ಬೇಕು ಇದನ್ನ."

ಅವರು ಹೋದ ಮೇಲೆ ಪೈಪು ನನಗೆ ಬಂತು. ಸಾದಾ ಸೊಪ್ಪನ್ನೇ ಮೆಲುಕು ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ದೊಡ್ಡಸ್ತಿಕೆ ಹತ್ತಿತು. ಬೆಂಗಳೂರಿನಿಂದ ಚೆರ್ರಿಹಣ್ಣಿನ ಸೆಂಟು ಹಾಕಿದ ಸೊಪ್ಪು ತರಿಸಿದೆ. ಚೆರ್ರಿಯನ್ನು ನಾನು ಬೇಕರಿಯ ಕೇಕಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆ ಸೊಪ್ಪು ಒಣಗಬಾರದಂತೆ. ಬೂದಿಕೋಟೆ ಹತ್ತಿರದ ನಮ್ಮ ಮನೆಯಲ್ಲಿ ಗಾಳಿಯಾಡದ ಪಾತ್ರೆಯೆಂದರೆ ಹಾಲಿನ ಕ್ಯಾನೊಂದೇ. ತೊಳೆದು ಬೋರಲು ಹಾಕಿದ್ದ ಕ್ಯಾನಿನಲ್ಲಿ ಸಂಜೆ ಪೊಟ್ಟಣವಿಟ್ಟು ಬಿಗಿಯಾಗಿ ಮುಚ್ಚಿದೆ. ಬೆಳಗ್ಗೆ ಜಾಣನ ಹಾಗೆ ತೆಗೆದೂಬಿಟ್ಟೆ. ವಾಸನೆ ಒಳಗೇ ಉಳಿಯಿತು.

ಹಾಲು ತುಂಬಿಸಿಕೊಂಡು ನನ್ನಾಕೆ ಡೈರಿಗೆ ಹೋದಳು. ಅಲ್ಲಿನ ಸೆಕ್ರೆಟರಿ ಮುಚ್ಚಳ ತೆಗೆದು ಮೂಗೆಳೆದುಕೊಂಡ.

"ಏನಕ್ಕಾ, ಅಸೂಗೆ ಬರ್ತ್‌ಡೇ ಮಾಡಿದ್ರಾ? ಆಲೆಲ್ಲ ಕೇಕ್ ವಾಸ್ನೆ ಬತ್ತೈತೆ" ಎಂದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ತುಂಬಿದ ಕ್ಯಾನು ಹೊತ್ತು ಊರ ನಡುವೆ ವಾಪಸು ಬಂದವಳು, ಈ ಮನೆಯೊಳಗೆ ಕ್ಯಾನಿರಬೇಕು, ಇಲ್ಲ ಪೈಪಿರಬೇಕು ಎಂದಳು. ನಾನೂ ಗಣಿಯಲ್ಲಿದ್ದವನೇ, ಗಣಿ ಮುಚ್ಚಿ ಮನೆ ಸೇರಿದ್ದೆ. ಮನೆ ನಡೆಸುತ್ತಿದ್ದುದು ಕ್ಯಾನು. ಪೈಪು ಅಟ್ಟ ಹತ್ತಿತು. ಮಾವನವರನ್ನೂ ಜೊತೆಗೇ ಅಟ್ಟಕ್ಕೆ ಹಾಕಿದೆನಲ್ಲ ಎಂಬ ಸಂಕಟ ಮಾತ್ರ ಎಷ್ಟು ವರ್ಷವಾದರೂ ಹೋಗಲಿಲ್ಲ.

ಕಳೆದ ವಾರ ಬೂಸವಿಲ್ಲದೆ ಬಂದವನನ್ನು ಆಕೆ ಮೇಲಿಂದ ಕೆಳಗೆ ನೋಡಿ ಅಡುಗೆಮನೆಗೆ ಹೋದಳು. ಬೈದಿದ್ದರೇ ವಾಸಿಯಿತ್ತು. ಪೈಪನ್ನು ಅಟ್ಟದಿಂದ ಇಳಿಸಿಕೊಂಡು, ಕೊಟ್ಟಿಗೆಯ ಆಚೆ ಹುಣಸೆಮರದ ಕೆಳಗೆ, ಮನೆಗೆ ಬೆನ್ನು ಹಾಕಿ ಕೂತೆ. ಕಡ್ಡಿಗಳೆಷ್ಟೋ ದಂಡವಾದ ಮೇಲೆ ಸೊಪ್ಪು ಹತ್ತಿಕೊಂಡಿತು. ಎಮ್ಮೆಯನ್ನು ನೆನೆದು ಮೆಲ್ಲಗೆ ಎಳೆದೆ. ಹಾಳು ಗಾಳಿ ಹೊಗೆಯನ್ನು ನೇರವಾಗಿ ಅಡುಗೆಮನೆ ಕಿಟಕಿಗೇ ಒಯ್ದಿತು. ಒಳಗೆ ಪಾತ್ರೆ ಸದ್ದು ನಿಂತಿತು.

ಆಕೆ ಹಾಲಿನ ಕ್ಯಾನು ಎತ್ತಿಕೊಂಡು ಹೊರಗೆ ಬಂದಳು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅದನ್ನು ಜಗಲಿಯ ತುದಿಯಲ್ಲಿಟ್ಟು, ಮುಚ್ಚಳ ಒತ್ತಿ, ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಕ್ಯಾನು ಆಚೆ ಇಟ್ಟಿದ್ದೀನಿ. ಒಳಿಕ್ಕೆ ಬಂದು ಸೇದಿ. ನಮ್ಮಪ್ಪ ಬಂದಂಗೈತೆ."

ಈಗ ದಿನಾ ಸಂಜೆ ಕ್ಯಾನು ಹೊರಗೆ, ನಾನು ಒಳಗೆ.