ಯಂತ್ರ ನಿಂತ ದಿನ ಭಾವ ಹೇಳಿದ ಗುಟ್ಟು

ನಮ್ಮ ದ್ವೀಪಕ್ಕೆ ಕರೆಂಟು ಬರುತ್ತಿದ್ದುದು ನನ್ನ ಭಾವನ ಕೈಯಿಂದ. ಅಕ್ಕನ ಗಂಡ, ಡೀಸೆಲ್ ಜನರೇಟರ್ ಆಪರೇಟರ್. ಆ ಶೆಡ್ಡಿಗೆ ಅಂಟಿಕೊಂಡ ಬೀದಿಯಲ್ಲಿ ನಮ್ಮ ಮನೆ, ಅಕ್ಕನ ಮನೆ ಎದುರುಬದುರು. ಹಗಲೂ ರಾತ್ರಿ ಧಡಧಡ. ನಾವು ಮಾತಾಡಿದರೂ ಕೂಗಿ, ಜಗಳವಾಡಿದರೂ ಕೂಗಿ, ಕೊನೆಗೆ ಗುಟ್ಟು ಹೇಳುವುದೂ ಕಿವಿಗೆ ಬಾಯಿಟ್ಟು ಕೂಗಿಯೇ. ಮೂರನೆಯವರಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಬೇರೆ ಬೀದಿಯವರು ನಮ್ಮನ್ನು ಗಂಟಲಮಾರಿಗಳೆಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರ ಮನೆ ಫ್ಯಾನು ತಿರುಗುತ್ತಿದ್ದುದು ಯಾರಿಂದ?

ಭಾವನಿಗೆ ಆ ಯಂತ್ರವೆಂದರೆ ಪಂಚಪ್ರಾಣ. ಊಟಕ್ಕೆ ಕೂತಾಗ ಸದ್ದು ಒಂಚೂರು ಬದಲಾದರೂ ಎದ್ದು ಓಡುವರು. ಅಂಥವರ ಮಗಳೇ ಕೇಬಲ್ ಜಾಯಿಂಟ್ ಮಾಡುವುದು ಕಲಿತು, ಆಚೆ ದಡದಿಂದ ಸಮುದ್ರದಡಿ ನಮ್ಮೂರಿಗೆ ಕರೆಂಟು ತರುವ ಕಂಪನಿ ಸೇರಿದಳು. ಆ ಲೈನು ಬಂದರೆ ಜನರೇಟರ್ ಬಂದ್. ಸಂಬಳವೇನೂ ಹೋಗದು, ಹೊಸ ಸ್ವಿಚ್ ಮನೆಯಲ್ಲಿ ಕುರ್ಚಿ ಕೊಡುತ್ತಾರೆ ಎಂದರೂ ಭಾವ ಕೇಳಲಿಲ್ಲ.

"ಅಪ್ಪನ ಯಂತ್ರಾನೇ ಮಲಗಿಸೋ ಕೆಲಸ ಬೇಕಿತ್ತಾ ನಿಂಗೆ?" ಎಂದವರು ಅಂದಿನಿಂದ ಅವಳೊಡನೆ ಮಾತು ಬಿಟ್ಟರು. ಹಟಮಾರಿ ಮನುಷ್ಯ.

ಹಡಗು ಕೇಬಲನ್ನು ಸಮುದ್ರದ ತಳಕ್ಕೆ ಇಳಿಸುತ್ತ ಬಂತು. ತುದಿಗೆ ತೇಲುಬುರುಡೆ ಕಟ್ಟಿ ದಡಕ್ಕೆಳೆದರು. ಅದಕ್ಕೆ ನೆಲದ ಕೇಬಲ್ ಕೂಡಿಸುವುದು ನಮ್ಮ ಹುಡುಗಿಯ ಪಾಲಿಗೆ ಬಂತು. ಮರಳಲ್ಲಿ ಗುಂಡಿ, ಮೇಲೆ ಡೇರೆ. ಒಂದು ಕಣ ಮರಳು ಒಳಗೆ ಸೇರಿದರೂ ಮುಂದೆ ಅಲ್ಲೇ ಸುಟ್ಟುಹೋಗುತ್ತದಂತೆ. ಪದರ ಪದರ ಸುಲಿದು, ಉಜ್ಜಿ, ಒರೆಸಿ ಅವಳು ಸೊಂಟ ನೆಟ್ಟಗೆ ಮಾಡಲಿಲ್ಲ. ಊಟ ಹೊತ್ತು ಹೋದ ನನ್ನನ್ನೂ ಒಳಗೆ ಬಿಡಲಿಲ್ಲ.

"ಚಿಕ್ಕಮ್ಮಾ, ಕಾಲೆಲ್ಲಾ ಮರಳು! ಅಲ್ಲೇ ನಿಲ್ಲು. ಅಪ್ಪ ಏನಾದ್ರೂ ಅಂದ್ರಾ?"

"ಇಲ್ಲ ಕಣೇ."

"ಬೈದಾದ್ರೂ ಬೈಬಾರ್ದಾ," ಎಂದಳು.

ಆಚೆಯಿಂದ ಕರೆಂಟು ಬಂದ ದಿನ ಯಂತ್ರ ನಿಲ್ಲಿಸುವವರೂ ಭಾವನೇ. ಮುಖ ಗಂಟಿಕ್ಕಿಕೊಂಡು ಹೋಗಿ ನಿಲ್ಲಿಸಿದರು. ಮನೆಮನೆಯ ದೀಪ ಹಾಗೇ ಉರಿಯುತ್ತಿತ್ತು. ಭಾವ ಹೊರಬಂದು, ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಿವಿಗೆ ಬಾಯಿಟ್ಟು, ಅಭ್ಯಾಸಬಲ ನೋಡಿ, ಅದೇ ಗಂಟಲಲ್ಲಿ ಗುಟ್ಟು ಹೇಳಿದರು:

"ಲೇ, ಯಾರಿಗೂ ಹೇಳ್ಬೇಡ! ಮೊನ್ನೆ ಡೇರೆ ಸಂದೀಲಿ ಇಣುಕಿ ನೋಡ್ದೆ. ಏನು ಕೈ ಕಣೇ ಅವಳ್ದು! ನನಗಿಂತ ಚೊಕ್ಕ! ಇಷ್ಟು ದಿನ ಬಿಗ್ಕೊಂಡಿದ್ದು ಈಗ ಯಾವ ಮುಖ ಇಟ್ಕೊಂಡು ಮಾತಾಡ್ಸಲಿ ಹೇಳು!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ನಮ್ಮ ಮೆಟ್ಟಿಲ ಮೇಲೆ ಕೂತು ಬೂಟಿನ ಮರಳು ಕೊಡವುತ್ತಿದ್ದ ಹುಡುಗಿ ಎದ್ದು ನಿಂತಳು.

"ಅಪ್ಪಾ," ಎಂದಳು, ಮೆಲ್ಲಗೆ. ಆ ಬೀದಿಯಲ್ಲಿ ಯಾರೂ ಯಾರನ್ನೂ ಅಷ್ಟು ಮೆಲ್ಲಗೆ ಕರೆದದ್ದಿಲ್ಲ. ಭಾವನಿಗೆ ಕೇಳಿಸಿತು. ತಿರುಗಿದರು. ಕಿಟಕಿಗಳ ತುಂಬ ತಲೆಗಳು.

"ಊಟ ಆಯ್ತೇನೇ?" ಎಂದು ಕೂಗಿದರು.